ಅತ್ತಿಗೆಯ ಬಲಗಣ್ಣು

ಬ್ಯಾಡ್ಮಿಂಟನ್ ಕಾಕ್ ಅತ್ತಿಗೆಯ ಬಲಗಣ್ಣಿಗೆ ಬಡಿದ ಶುಕ್ರವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಅಕ್ಕಿರೊಟ್ಟಿಯ ಜೊತೆಗೆ ಜಗಳವೂ ಬೇಯುತ್ತಿತ್ತು.

"ಫೆಬ್ರವರಿ ಎಂಟು ಆದ್ಮೇಲೆ ಖಲಾಸ್ ತಾನೆ?" ಅಮ್ಮ ರೊಟ್ಟಿ ತಟ್ಟುತ್ತಲೇ ಅಣ್ಣನನ್ನು ಕೇಳಿದಳು. "ಇದೇ ಕೊನೆ ಅಂತ ನೀನೇ ಹೇಳಿದ್ದೆ."

"ಸೆಲೆಕ್ಟ್ ಆದ್ರೆ ಇನ್ನೊಂದು ವರ್ಷ ಅಮ್ಮ. ಆಗ್ದಿದ್ರೆ ಖಲಾಸ್."

"ಹಾಗಾದ್ರೆ ಸೊಸೆ ಸೋಲಲಿ ಅಂತ ನಾನು ಹರಕೆ ಹೊರಬೇಕೇನೋ?"

"ಯಾಮಿನಿ, ಸೊಸೆ ಎದುರಿಗೇ ಕೂತಿದ್ದಾಳೆ," ಎಂದರು ಅಪ್ಪ.

"ಕೂತಿರ್ಲಿ. ನಾನು ಬೆನ್ನ ಹಿಂದೆ ಮಾತಾಡೋಳಲ್ಲ. ಹೋದ ಸಲ ಮೊಣಕಾಲು ಊದಿಸ್ಕೊಂಡು ಬಂದ್ಳು, ಅದಕ್ಕೂ ಮುಂಚೆ ಭುಜ. ಇನ್ನೊಂದು ಪೆಟ್ಟು ಬಿತ್ತು ಅಂದ್ರೆ ಪೋಲೆಂಡ್ ಟಿಕೆಟ್ ಕ್ಯಾನ್ಸಲ್. ಹೇಳು ಮೋಹಿತ್, ಅವಳಿಗೆ ಅರ್ಥ ಆಗೋ ಭಾಷೇಲಿ ಹೇಳು."

ಅಣ್ಣ ಹೇಳಬೇಕಾಗಲಿಲ್ಲ. 'ಟಿಕೆಟ್' ಮತ್ತು 'ಕ್ಯಾನ್ಸಲ್' ಯಾವ ದೇಶದವರಿಗೂ ಅರ್ಥವಾಗುವ ಮಾತುಗಳು. ಮೇಜಿನ ತುದಿಯಲ್ಲಿ ರ‍್ಯಾಕೆಟ್ಟಿನ ಹಿಡಿಗೆ ಹೊಸ ಪಟ್ಟಿ ಸುತ್ತುತ್ತಿದ್ದ ಅತ್ತಿಗೆ ಕೈ ನಿಲ್ಲಿಸಿ, "ಓಕೆ ಅತ್ತೆ," ಎಂದರು. ಅಣ್ಣನೂ ಅವರ ಕಡೆ ನೋಡಿ, "ಅಮ್ಮ ಹೇಳೋದು ಸರಿ. ಒಂದು ಇಂಜುರಿ, ಮುಗೀತು," ಎಂದು ಇಂಗ್ಲಿಷಿನಲ್ಲಿ ಹೇಳಿದ.

ಅತ್ತಿಗೆಯ ಹೆಸರು ಕಿಂಗಾ. ಪೋಲೆಂಡಿನ ಈಶಾನ್ಯದಲ್ಲಿ, ವರ್ಷದಲ್ಲಿ ಐದು ತಿಂಗಳು ಹಿಮ ಬೀಳುವ ಸಣ್ಣ ಊರಿನವರು. ಎಂಟನೇ ವಯಸ್ಸಿನಲ್ಲಿ ಬ್ಯಾಡ್ಮಿಂಟನ್ ಹಿಡಿದದ್ದು ಆಟದ ಆಸೆಗಲ್ಲವಂತೆ. ಶಾಲೆಯ ಆಟದ ಹಾಲಿನಲ್ಲಿ ಹೀಟರ್ ಇತ್ತು, ಅದಕ್ಕೆ. ಕುಳ್ಳಗಿದ್ದಾರೆಂದು ಕೋಚ್ ಡಬಲ್ಸ್‌ಗೆ ಹಾಕಿದ, ಬಲೆಯ ಹತ್ತಿರ ನಿಲ್ಲಿಸಿದ. ಇಪ್ಪತ್ತು ವರ್ಷ ಅಲ್ಲೇ ನಿಂತರು. ಈ ನಡುವೆ ನಾಲ್ಕು ಜೊತೆಗಾರ್ತಿಯರು ಬಂದು ಹೋದರು. ಒಬ್ಬಳು ಓದಲು ಹೋದಳು, ಒಬ್ಬಳು ಹೆತ್ತಳು, ಒಬ್ಬಳು ಅಪ್ಪನ ಬೇಕರಿಗೆ ಸೇರಿದಳು, ಒಬ್ಬಳ ಮಂಡಿ ಚಿಪ್ಪು ಸರಿಯಿತು. ಐದನೆಯವಳು ಡೊರೊತಾ, ಹತ್ತೊಂಬತ್ತು ವರ್ಷದ ಹುಡುಗಿ. ರಾತ್ರಿ ಬಸ್ಸುಗಳಲ್ಲಿ ಕೂತು ಎಸ್ಟೋನಿಯಾ, ಹಂಗೇರಿ, ಸ್ಲೊವೇನಿಯಾ ಅಂತ ತಿರುಗಿ ಇಬ್ಬರೂ ಮೂರು ಸಣ್ಣ ಪಂದ್ಯಾವಳಿಗಳನ್ನು ಗೆದ್ದಿದ್ದರು. ಫೆಬ್ರವರಿ ಎಂಟಕ್ಕೆ ರಾಷ್ಟ್ರೀಯ ತಂಡದ ಆಯ್ಕೆ. ಅತ್ತಿಗೆಗೆ ಇಪ್ಪತ್ತೆಂಟು ತುಂಬಿತ್ತು. ಇನ್ನೊಂದು ಆಯ್ಕೆಗೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ.

ಅಣ್ಣ ಎಂ.ಎಸ್. ಮಾಡಲು ಅಲ್ಲಿಗೆ ಹೋದವನು ಡಿಗ್ರಿಯ ಜೊತೆಗೆ ಇವರನ್ನೂ ಕರೆದುಕೊಂಡು ಕುವೈತಿಗೆ ಬಂದ. ಎಂಟು ತಿಂಗಳಾಗಿತ್ತು. ಸಲ್ವಾದ ನಮ್ಮ ಮೂರು ಕೋಣೆಯ ಫ್ಲ್ಯಾಟಿನಲ್ಲಿ ಅತ್ತಿಗೆಗೆ ಮೊದಲು ಒಲಿದದ್ದು ಅಜ್ಜಿ. ಅಜ್ಜಿಗೆ 'ಕಿಂಗಾ' ಅನ್ನುವುದು ಹೆಸರೆಂದೇ ಅನ್ನಿಸಲಿಲ್ಲ. "ಗಂಗಾ" ಎಂದು ಕರೆದಳು. ಪಾಠವನ್ನೂ ಶುರು ಮಾಡಿದಳು.

"ಗಂಗಾ ಅಂದ್ರೆ ಏನನ್ಬೇಕು?"

"ಓ."

"ಓ ಅಂದ್ರೆ ಸಾಲ್ದು. ಕರೆದೋರ ಕಡೆ ಮುಖ ತಿರುಗಿಸ್ಬೇಕು. ಬೆನ್ನು ಹಾಕ್ಕೊಂಡು ಓ ಅನ್ನೋದು ಜಂಬ."

ಒಂದೇ ತಿಂಗಳಲ್ಲಿ ಅತ್ತಿಗೆ ಪಳಗಿದರು. ಒಲೆಯ ಮುಂದಿದ್ದರೂ ಬಟ್ಟೆ ಒಣಗಿಸುತ್ತಿದ್ದರೂ ಕರೆದ ತಕ್ಷಣ 'ಓ' ಎಂದು ತಿರುಗುತ್ತಿದ್ದರು, ಅಣ್ಣನ ಮಗ್ಗುಲಲ್ಲಿ ಕೂತು ಸಿನಿಮಾ ನೋಡುತ್ತಿದ್ದರೂ. ನನಗೂ ಒಂದು ಪಾಠವಿತ್ತು: "ಅಣ್ಣನ ಹೆಂಡ್ತೀನ ಹೆಸರು ಹಿಡಿದು ಕರೀತೀಯೇನೇ? ಬಾ, ಹೋಗು ಅಂತೀಯೇನೇ? ಅತ್ತಿಗೆ ಅನ್ನು. ಬನ್ನಿ, ಹೋಗಿ ಅನ್ನು."

ಆ ಶುಕ್ರವಾರ ಹತ್ತು ಗಂಟೆಗೆ ನಾವಿಬ್ಬರೂ ರುಮೈಥಿಯಾದ ಆಟದ ಹಾಲಿಗೆ ಹೋದೆವು. ಪಕ್ಕದ ಕೋರ್ಟಿನಲ್ಲಿದ್ದ ಇಬ್ಬರು ಫಿಲಿಪ್ಪೀನಿ ಯುವಕರನ್ನು ಅತ್ತಿಗೆ ಪಂದ್ಯಕ್ಕೆ ಕರೆದರು. ಅತ್ತಿಗೆ ಮುಂದೆ ಬಲೆಯ ಹತ್ತಿರ, ನಾನು ಹಿಂದೆ. ಕೋರ್ಟಿನ ನಿಯಮ ಅವರು ಮೊದಲ ದಿನವೇ ಹೇಳಿದ್ದರು. ಮುಂದಿರುವವಳು ಎಂದೂ ಹಿಂದೆ ತಿರುಗಬಾರದು. ಹಿಂದಿರುವವಳು ತಾನು ಹೊಡೆಯುವ ಕಾಕ್ ಆದರೆ 'ಬಿಡು' ಅನ್ನಬೇಕು, ಅಷ್ಟೇ. ಹೆಸರು ಬೇಡ.

ಕಾಕ್ ಎತ್ತರಕ್ಕೆ ಹೋಯಿತು, ನನ್ನ ಎಡಮೂಲೆಗೆ ಇಳಿಯಿತು. ಅತ್ತಿಗೆ ರ‍್ಯಾಕೆಟ್ ಎತ್ತಿ ಒಂದು ಹೆಜ್ಜೆ ಹಿಂದಿಟ್ಟದ್ದು ಕಂಡಿತು. 'ಬಿಡು' ಎಂಬ ಒಂಟಿ ಮಾತು ನನ್ನ ಬಾಯಿಗೆ ಬರಲಿಲ್ಲ.

"ಅತ್ತಿಗೆ, ಬಿಡಿ!"

"ಓ," ಎಂದು ಅತ್ತಿಗೆ ತಿರುಗಿದರು.

ನನ್ನ ಕೈ ಆಗಲೇ ಬೀಸಿ ಆಗಿತ್ತು.

ಶಬ್ದ ದೊಡ್ಡದೇನೂ ಇರಲಿಲ್ಲ. ಒದ್ದೆ ಬಟ್ಟೆ ನೆಲಕ್ಕೆ ಬಿದ್ದಂತೆ. ಅತ್ತಿಗೆ ಮಂಡಿಯೂರಿ ಕೂತರು, ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡರು. ಫಿಲಿಪ್ಪೀನಿ ಯುವಕರಲ್ಲೊಬ್ಬ ಎದುರಿನ ಬಕಾಲಾ ಅಂಗಡಿಗೆ ಓಡಿ ಐಸ್ ತಂದ. "ಹಾಸ್ಪಿಟಲ್, ಹಾಸ್ಪಿಟಲ್," ಎಂದ. ಕಾಲು ಗಂಟೆಯ ಮೇಲೆ ಅತ್ತಿಗೆ ಕಣ್ಣು ತೆರೆದರು. ಬಿಳಿಯೆಲ್ಲ ಕೆಂಪು.

"ಕಾಣುತ್ತೆ," ಎಂದರು ಇಂಗ್ಲಿಷಿನಲ್ಲಿ. "ನಿನ್ನ ಮೂಗು ಕಾಣುತ್ತೆ. ಅದು ಅಳ್ತಿರೋದೂ ಕಾಣುತ್ತೆ."

"ಹಾಸ್ಪಿಟಲ್‌ಗೆ ಹೋಗೋಣ ಅತ್ತಿಗೆ. ಪ್ಲೀಸ್."

"ಇಲ್ಲಿರೋಕೆ ಬೇಕಾದ ಇಕಾಮಾ, ನನ್ನ ಇನ್ಶೂರೆನ್ಸ್, ಎಲ್ಲ ಮೋಹಿತ್ ಮೇಲಿದೆ. ನಾನು ಕೌಂಟರಿನಲ್ಲಿ ಕಾರ್ಡ್ ಕೊಟ್ಟ ನಿಮಿಷಕ್ಕೆ ಅವನ ಫೋನಿಗೆ ಮೆಸೇಜ್. ಹತ್ತು ನಿಮಿಷಕ್ಕೆ ನಿನ್ನ ಅಮ್ಮನಿಗೆ ಗೊತ್ತು. ಬೆಳಿಗ್ಗೆ ಕೇಳಿದೆಯಲ್ಲ?"

ನಾನು ಕರಗುತ್ತಿದ್ದ ಐಸನ್ನು ಕರವಸ್ತ್ರಕ್ಕೆ ಸುತ್ತಿದೆ.

"ಡೊರೊತಾ ಮೂರು ತಿಂಗಳಿಂದ ಬೇರೆ ಯಾರ ಜೊತೆಯೂ ಆಡಿಲ್ಲ. ನಾನು ಹೋಗದಿದ್ದರೆ ಅವಳೂ ಇಲ್ಲ. ನಾಳೆಗೆ ಸರಿಹೋಗುತ್ತೆ. ಕಾರಿನ ಬಾಗಿಲು ಬಡಿಯಿತು ಅಂತ ಹೇಳೋಣ."

ಹೇಳಿದೆವು. ಕಾರಿನ ಬಾಗಿಲನ್ನು ತೆಗೆದವಳು ನಾನು, ಬಗ್ಗಿದವರು ಅತ್ತಿಗೆ. ಅಣ್ಣ ಮುಖ ಹಿಡಿದು ನೋಡಿದ, ನನ್ನನ್ನು "ಕಣ್ಣು ನೆತ್ತಿ ಮೇಲಿಟ್ಕೊಂಡಿದ್ಯಾ?" ಎಂದು ಬೈದ. ಅಮ್ಮ ಅರಿಶಿನ ಹಚ್ಚಲು ಬಂದಳು. ಅಪ್ಪ ಕಾರಿನ ಬಾಗಿಲನ್ನು ಹೋಗಿ ನೋಡಿಕೊಂಡು ಬಂದರು. ಯಾರಿಗೂ ಅನುಮಾನ ಬರಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತು. ಅಜ್ಜಿಯ ಕತೆಗಳಲ್ಲಿ ಸುಳ್ಳು ಹೇಳಿದವರ ಬಾಯಿಂದ ಕಪ್ಪೆ ಹಾರುತ್ತದೆ, ಮನೆಯ ಮಾಡು ಸಿಡಿಯುತ್ತದೆ, ಏನಾದರೊಂದು ಆಗುತ್ತದೆ. ನಮ್ಮ ಮನೆಯಲ್ಲಿ ಅಂದು ಹುಳಿ ಬಡಿಸಿದರು, ಎಲ್ಲರೂ ಉಂಡೆವು.

ಕೆಂಪು ಒಂದು ವಾರಕ್ಕೆ ಇಳಿಯಿತು. ಮುಂದಿನ ಶುಕ್ರವಾರ ಅಜ್ಜಿಯ ಎಣ್ಣೆನೀರಿನ ದಿನ. ಅಬ್ಬಾಸಿಯಾದ ಅಂಗಡಿಯಿಂದ ತರಿಸಿದ ಹರಳೆಣ್ಣೆಯನ್ನು ಬಿಸಿ ಮಾಡಿ, ನಮ್ಮ ತಲೆಗಳಿಗೆ ತಟ್ಟಿ, ಕಡೆಯಲ್ಲಿ ಕಣ್ಣಿಗೊಂದು ಹನಿ ಬಿಡುವುದು ಅವಳ ಪದ್ಧತಿ. ಅತ್ತಿಗೆ ಮಣೆಯ ಮೇಲೆ ಕೂತಿದ್ದರು.

"ಅಜ್ಜಿ, ನೊಣ," ಎಂದರು ಇದ್ದಕ್ಕಿದ್ದಂತೆ, ಬಲಗಡೆ ಕೈಬೀಸಿ.

"ಚಳಿಗಾಲ್ದಲ್ಲಿ ಎಲ್ಲೀ ನೊಣ?"

"ಇಲ್ಲಿ. ಕಪ್ಪು. ಸಣ್ಣದು, ತುಂಬಾ."

ಅಜ್ಜಿ ಆ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದಳು. "ಏನೂ ಇಲ್ಲ. ಉಷ್ಣ ಏರಿದೆ. ಈ ಮರಳುಗಾಡಿನ ಗಾಳಿ, ಮೇಲೆ ಬೆಳಗಾದ್ರೆ ಕುಣಿದಾಟ. ದಿನಾ ರಾತ್ರಿ ಒಂದೊಂದು ಹನಿ ಬಿಡ್ತೀನಿ, ತಂಪಾಗುತ್ತೆ."

"ಅಜ್ಜಿ, ಕಣ್ಣಿಗೆ ಎಣ್ಣೆ ಬೇಡ," ಎಂದೆ ನಾನು.

"ನಿಮ್ಮಪ್ಪನ ಕಣ್ಣಿಗೆ ಹದಿನಾರು ವರ್ಷ ಬಿಟ್ಟಿದ್ದೀನಿ ಕಣೆ. ಕನ್ನಡಕ ಬಂದಿದ್ದು ಐವತ್ತಕ್ಕೆ."

ಅತ್ತಿಗೆ ನನ್ನ ಕಡೆ ನೋಡಿ, ಸಣ್ಣಗೆ ತಲೆಯಾಡಿಸಿದರು. ಬಿಡಲಿ, ಅಂತ. ಯಾರಾದರೂ ಏನಾದರೂ ಔಷಧಿ ಮಾಡುತ್ತಿದ್ದಾರೆ ಅನ್ನುವುದೇ ಅವರಿಗೆ ಸಮಾಧಾನವೆನಿಸಿತೋ ಏನೋ. ಅಂದಿನಿಂದ ದಿನವೂ ಊಟವಾದ ಮೇಲೆ ಅಜ್ಜಿಯ ತೊಡೆಯ ಮೇಲೆ ತಲೆಯಿಡುತ್ತಿದ್ದರು. ಹನಿ ಬಿದ್ದ ಮೇಲೆ ಎಲ್ಲ ಮಬ್ಬು. ಬೆಳಿಗ್ಗೆಯೂ ಒಂದಿಷ್ಟು ಮಬ್ಬು. "ಎಣ್ಣೆ," ಎಂದು ನಕ್ಕು ಕಣ್ಣುಜ್ಜಿಕೊಳ್ಳುತ್ತಿದ್ದರು. ನಾನೂ ಹಾಗೆಂದೇ ನಂಬಿಕೊಂಡೆ. ಮಬ್ಬಿಗೆ ಒಂದು ಕಾರಣ ಸಿಕ್ಕಿದ್ದರಿಂದ ಇನ್ನೊಂದನ್ನು ಹುಡುಕುವುದು ತಪ್ಪಿತು.

ಆದರೆ ಊಟದ ಮೇಜಿನಲ್ಲಿ ಸಂಗತಿಗಳು ಶುರುವಾದವು. ಬಲಗಡೆ ಇಟ್ಟ ಮಜ್ಜಿಗೆ ಲೋಟಕ್ಕೆ ಅತ್ತಿಗೆಯ ಮೊಣಕೈ ತಾಗಿ ಮೇಜೆಲ್ಲ ಮಜ್ಜಿಗೆಯಾಯಿತು.

"ಎಲ್ಲಿದೆ ಗ್ಯಾನ?" ಎಂದಳು ಅಮ್ಮ. "ಮನಸ್ಸೆಲ್ಲ ಪೋಲೆಂಡಲ್ಲೇ."

"ಸಾರಿ ಅತ್ತೆ."

"ಸಾರೀನಾ ನೆಲ ಒರೆಸೋ ಬಟ್ಟೆಗೆ ಹೇಳು."

ಎರಡು ದಿನ ಬಿಟ್ಟು ಬಲಗಡೆಯ ಬಾಗಿಲ ಚೌಕಟ್ಟು ಭುಜಕ್ಕೆ ಬಡಿಯಿತು. ಕೋರ್ಟಿನಲ್ಲಿ ಬಲಕ್ಕೆ ಬಂದ ಕಾಕ್‌ಗೆ ರ‍್ಯಾಕೆಟ್ ತಡವಾಗಿ ಹೋಗತೊಡಗಿತು. ನಾನು ಕದ್ದು ಪರೀಕ್ಷೆ ಮಾಡಿದೆ. ಅವರ ತಟ್ಟೆಯ ಬಲಕ್ಕೆ ಸದ್ದಿಲ್ಲದೆ ಒಂದು ಹಪ್ಪಳ ಇಟ್ಟೆ. ಹಪ್ಪಳವೆಂದರೆ ಪ್ರಾಣ ಬಿಡುವವರು ಊಟ ಮುಗಿಸಿ ಎದ್ದರು. ಹಪ್ಪಳ ಅಲ್ಲೇ ಇತ್ತು.

ಅಂದು ಪಾತ್ರೆ ತೊಳೆಯುವಾಗ ಕೇಳಿದೆ. "ನಿಜ ಹೇಳಿ. ಎಷ್ಟು ಕಾಣಲ್ಲ?"

"ಅಂಚು," ಎಂದರು. "ಬಲಗಡೆ ಅಂಚು. ಕತ್ತಲೆ ಕೋಣೆಗೆ ಹೋದ್ರೆ ಮಿಂಚು ಬರುತ್ತೆ. ಎಣ್ಣೆ ನಿಲ್ಲಿಸಿದರೆ ಸರಿಹೋಗುತ್ತೆ, ಅಲ್ಲವಾ?"

"ಅಣ್ಣಂಗೆ ಹೇಳ್ತೀನಿ."

ಅವರು ನೊರೆಗೈಯಲ್ಲೇ ನನ್ನ ಮುಂಗೈ ಹಿಡಿದರು. "ಇನ್ನು ನಾಲ್ಕೇ ವಾರ. ಹೋಗಿ, ಆಡಿ, ಅಲ್ಲೇ ಡಾಕ್ಟರಿಗೆ ತೋರಿಸ್ತೀನಿ. ನಿಖಿತಾ, ಹೊಡೆದದ್ದು ನೀನು ಅಂತ ನಾನು ಯಾರಿಗೂ ಹೇಳಿಲ್ಲ. ನೀನೂ ಹೇಳಬೇಡ."

ಅದು ಬೆದರಿಕೆಯಲ್ಲ, ಬೇಡಿಕೆ. ಹೊಡೆದದ್ದು ನಾನು ಅನ್ನುವುದು ಬಯಲಿಗೆ ಬರಬಾರದೆಂದು ನಾನೂ ಆಸೆಪಡುತ್ತಿದ್ದೆ. ಅವರಿಗೆ ತಂಡದ ಚಿಂತೆ, ನನಗೆ ನನ್ನ ಚಿಂತೆ. ಇಬ್ಬರೂ ಸೇರಿ ಒಂದು ಕಣ್ಣನ್ನು ಮುಚ್ಚಿಡುತ್ತಿದ್ದೆವು.

ಸಂಕ್ರಾಂತಿ ಮಂಗಳವಾರ ಬಂತು. ಅಪ್ಪ, ಅಣ್ಣ ಆಫೀಸಿನಿಂದ ಬರುವಷ್ಟರಲ್ಲಿ ಅಮ್ಮ ಪೊಂಗಲ್ ಮಾಡಿ, ಎಳ್ಳುಬೆಲ್ಲದ ಪೊಟ್ಟಣ ಕಟ್ಟಿಟ್ಟಿದ್ದಳು. ಅಜ್ಜಿಯ ಎದುರು ಕೂತು ಕೊಬ್ಬರಿ ಹೆಚ್ಚುತ್ತಿದ್ದ ಅತ್ತಿಗೆ ಕತ್ತಿಯನ್ನು ಕೆಳಗಿಟ್ಟರು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಅಜ್ಜಿಯನ್ನೇ ನೋಡಿದರು. ತುಂಬ ಹೊತ್ತು ನೋಡಿದರು.

"ಏನ್ ಗಂಗಾ, ನನ್ನ ಮುಖದಲ್ಲಿ ಕೋತಿ ಕಾಣ್ತಾ?"

"ಅಜ್ಜಿಗೆ ಬಾಯಿ ಇಲ್ಲ," ಎಂದರು ಅತ್ತಿಗೆ ಕನ್ನಡದಲ್ಲಿ. ಅಜ್ಜಿ ಗಹಗಹಿಸಿ ನಕ್ಕಳು. ಅತ್ತಿಗೆ ನಗಲಿಲ್ಲ.

ನಾನು ಎಳ್ಳುಬೆಲ್ಲದ ಒಂದು ಪೊಟ್ಟಣ ತೆಗೆದುಕೊಂಡು, ಚಪ್ಪಲಿ ಹಾಕದೆ, ಎರಡು ಮಹಡಿ ಮೆಟ್ಟಿಲು ಹತ್ತಿದೆ. ಮೇಲಿನ ಫ್ಲ್ಯಾಟಿನಲ್ಲಿ ಮಂಗಳೂರಿನ ಶೆರಿಲ್ ಆಂಟಿ ಇದ್ದರು, ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್. ಬಾಗಿಲು ತೆಗೆದಾಗ ಇನ್ನೂ ಯೂನಿಫಾರ್ಮಿನಲ್ಲೇ ಇದ್ದರು.

"ಎಂತ ಮಾರಾಯ್ತಿ, ಎಳ್ಳುಬೆಲ್ಲ ಕೊಡ್ಲಿಕ್ಕೆ ಅಳ್ತಾ ಬಂದದ್ದಾ?"

ಎಲ್ಲ ಹೇಳಿದೆ. ಕಾಕ್, ನೊಣ, ಎಣ್ಣೆ, ಮಿಂಚು, ಅಜ್ಜಿಯ ಬಾಯಿ. ಆಂಟಿಯ ಮುಖದ ನಗು ಸ್ವಲ್ಪಸ್ವಲ್ಪವಾಗಿ ಆರಿತು.

"ಪರದೆ ಬಿದ್ದ ಹಾಗೆ ಉಂಟಾ? ಕೆಳಗಿಂದ ಮೇಲೆ ಬರ್ತಾ ಉಂಟಾ?"

"ಗೊತ್ತಿಲ್ಲ ಆಂಟಿ."

"ಗೊತ್ತಿಲ್ಲ ಅಂದ್ರೆ ಆಗ್ಲಿಕ್ಕಿಲ್ಲ. ನಡಿ."

ಶೆರಿಲ್ ಆಂಟಿ ನಮ್ಮ ಹಾಲಿಗೆ ಬಂದವರು ಯಾರನ್ನೂ ಮಾತಾಡಿಸದೆ ಅತ್ತಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಎಡಗಣ್ಣು ಮುಚ್ಚಿಸಿ, ತಮ್ಮ ಬೆರಳನ್ನು ಬಲಗಡೆಯಿಂದ ನಿಧಾನ ತಂದರು. "ಕಂಡಾಗ ಹೇಳು." ಬೆರಳು ಕಿವಿಯಿಂದ ಹೊರಟು, ಕೆನ್ನೆ ದಾಟಿ, ಹೆಚ್ಚುಕಡಿಮೆ ಮೂಗಿನ ನೇರಕ್ಕೆ ಬಂತು. ಆಗ ಅತ್ತಿಗೆ, "ನೌ," ಎಂದರು. ಆಮೇಲೆ ನನ್ನ ಕಡೆ ನೋಡಿದರು. ಹೇಳಿದವಳು ಯಾರೆಂದು ಕೇಳುವ ಅಗತ್ಯವಿರಲಿಲ್ಲ.

"ಮೋಹಿತ್, ಕಾರ್ ತೆಗಿ. ಯಲ್ಲಾ. ಬಟ್ಟೆ ಬದಲಿಸ್ಲಿಕ್ಕೆಲ್ಲ ಟೈಮ್ ಇಲ್ಲ."

"ಏನಾಯ್ತು ಶೆರಿಲ್?" ಅಮ್ಮನ ಕೈಯಲ್ಲಿ ಪೊಂಗಲ್ ಸೌಟು ಹಾಗೇ ಇತ್ತು.

"ಕಣ್ಣಿನ ಒಳಗಿನ ಪೊರೆ ಕಿತ್ತು ಬರ್ತಾ ಉಂಟು, ಯಾಮಿನಿಯಕ್ಕ. ಗೋಡೆಯ ಕಾಗದ ಕಿತ್ತು ಬರ್ತದಲ್ಲ, ಹಾಗೆ."

ಆಸ್ಪತ್ರೆಯಲ್ಲಿ ಈಜಿಪ್ಟಿನ ಡಾಕ್ಟರು ದೀಪ ಹಿಡಿದು ಎಷ್ಟೋ ಹೊತ್ತು ನೋಡಿದರು. ಅಣ್ಣ ಮಂಚದ ಪಕ್ಕ ನಿಂತಿದ್ದ, ನಾನು ಬಾಗಿಲ ಹತ್ತಿರ.

"ಪೆಟ್ಟು ಬಿದ್ದದ್ದು ಯಾವಾಗ?"

"ಕಾರಿನ ಬಾಗಿಲು," ಎಂದ ಅಣ್ಣ. "ಎರಡು ಮೂರು ವಾರ ಆಯ್ತು. ಅದು ವಾಸಿ ಆಗಿತ್ತು."

"ಕಾರಿನ ಬಾಗಿಲು ಮೂಳೆಗೆ ಬಡಿಯುತ್ತೆ. ಇದು ನೇರ ಗುಡ್ಡೆಗೆ ಬಡಿದಿದೆ. ಸಣ್ಣ, ಗಟ್ಟಿ ವಸ್ತು." ಡಾಕ್ಟರು ಅತ್ತಿಗೆಯನ್ನು ನೋಡಿದರು. "ಮೇಡಂ?"

ಅತ್ತಿಗೆ ತುಟಿ ಬಿಗಿಹಿಡಿದಿದ್ದರು. ನಾನು ಬಾಗಿಲು ಬಿಟ್ಟು ಮಂಚದ ಹತ್ತಿರ ಬಂದೆ.

"ಹದಿನೆಂಟು ದಿನ," ಎಂದೆ. "ಕಾಕ್ ಬಡೀತು. ಹೊಡೆದಿದ್ದು ನಾನು. ಅತ್ತಿಗೆ ಅಂತ ಕರೆದೆ, ತಿರುಗಿದ್ರು. ಹನ್ನೊಂದು ದಿನದಿಂದ ಹರಳೆಣ್ಣೆ ಹಾಕ್ತಿದ್ವಿ."

ಅಣ್ಣ ನನ್ನ ಕಡೆ ತಿರುಗಿದ. ಬೈಯಲಿಲ್ಲ. ಬೈದಿದ್ದರೆ ಅದನ್ನು ಹಿಡಿದುಕೊಂಡು ನಿಲ್ಲಬಹುದಿತ್ತು.

ಡಾಕ್ಟರು ಮಾರನೆಯ ದಿನವೇ ಆಪರೇಷನ್ ಎಂದರು. ಕಣ್ಣಿನೊಳಗೆ ಒಂದು ಗ್ಯಾಸಿನ ಗುಳ್ಳೆ ತುಂಬುತ್ತಾರೆ, ಅದು ಒಳಗಿನಿಂದ ಪೊರೆಯನ್ನು ಒತ್ತಿ ಹಿಡಿಯುತ್ತದೆ. ಒಂದು ವಾರ ಹಗಲು ರಾತ್ರಿ ಮುಖ ಕೆಳಗೆ ಮಾಡಿಯೇ ಇರಬೇಕು. "ಗುಳ್ಳೆ ಕರಗುವವರೆಗೂ ವಿಮಾನ ಹತ್ತುವಂತಿಲ್ಲ. ಎರಡು ತಿಂಗಳು. ಮೇಲೆ ಹೋದರೆ ಗುಳ್ಳೆ ಉಬ್ಬಿ ಕಣ್ಣೇ ಹೋಗುತ್ತೆ."

"ಫೆಬ್ರವರಿ ಎಂಟು?" ಎಂದರು ಅತ್ತಿಗೆ. ಅಷ್ಟು ಹೊತ್ತಿಗೆ ಅವರು ಕೇಳಿದ ಒಂದೇ ಪ್ರಶ್ನೆ ಅದು.

"ಫೆಬ್ರವರಿ ಎಂಟಕ್ಕೆ ನೀವು ಕುವೈತಿನಲ್ಲಿರುತ್ತೀರಿ, ಮೇಡಂ."

ಆಪರೇಷನ್ ಮುಗಿಸಿ ಮನೆಗೆ ಬಂದಾಗ ಅತ್ತಿಗೆಯ ಮಣಿಕಟ್ಟಿಗೆ ಹಸಿರು ಪಟ್ಟಿ ಕಟ್ಟಿದ್ದರು, ವಿಮಾನ ನಿಷಿದ್ಧ ಎಂದು ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಬರೆದದ್ದು. ಹಾಲಿನಲ್ಲಿ ಮಂಚ ಹಾಕಿದೆವು. ಅತ್ತಿಗೆ ಬೋರಲು ಮಲಗಿ, ಮುಖವನ್ನು ಅಂಚಿನಿಂದಾಚೆ ಇಳಿಬಿಟ್ಟಿರುತ್ತಿದ್ದರು. ಅವರೊಡನೆ ಮಾತಾಡಬೇಕಾದರೆ ಯಾರಾದರೂ ನೆಲಕ್ಕೆ ಇಳಿಯಬೇಕಿತ್ತು. ಅಪ್ಪ ಲುಂಗಿ ಮಡಚಿ ಚಾಪೆಯ ಮೇಲೆ ಕೂತು, "ಹೌ ಈಸ್ ದಿ ಪೇನ್?" ಎನ್ನುತ್ತಿದ್ದರು. ಅಮ್ಮ ಅನ್ನ ಕಲಸಿ, ಕೆಳಗಿನಿಂದ ಚಮಚ ಎತ್ತಿ ತಿನ್ನಿಸುತ್ತಿದ್ದಳು.

ಮೂರನೆಯ ದಿನ ಅಮ್ಮನ ಸಹನೆಯ ಕಟ್ಟೆ ಒಡೆಯಿತು. ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು.

"ಹದಿನೆಂಟು ದಿನ ನನ್ನ ಎದುರಿಗೇ ಮಜ್ಜಿಗೆ ಚೆಲ್ಲಿದ್ಳಲ್ಲೇ. ನಾನು ಬೈದೆನಲ್ಲೇ."

"ಅಮ್ಮ..."

"ಟಿಕೆಟ್ ಕ್ಯಾನ್ಸಲ್ ಅಂತ ಒಂದು ಮಾತಂದ್ರೆ, ಅದಕ್ಕೆ ಹೆದರಿ ಕಣ್ಣು ಕಳ್ಕೋತಾರೇನೇ? ನಾನೇನು ರಾಕ್ಷಸೀನಾ?"

"ನೀನು ಹೇಳಿದ್ದು ಮಾಡ್ತೀಯ ಅಮ್ಮ. ಅದಕ್ಕೇ."

ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಬೂದುಗುಂಬಳ ಹೆಚ್ಚು," ಎಂದಳು.

ಅಜ್ಜಿ ಎಣ್ಣೆಯ ಬಾಟಲಿಯನ್ನು ತಾನೇ ಕೆಳಗೆ ತೆಗೆದುಕೊಂಡು ಹೋಗಿ ಬೀದಿಯ ಕಸದ ಡಬ್ಬಿಗೆ ಹಾಕಿ ಬಂದಿದ್ದಳು. ಎರಡು ದಿನ ಊಟ ಬಿಟ್ಟಳು. "ನನ್ನ ಕೈಯಾರೆ ಆ ಹುಡುಗಿ ಕಣ್ಣು ಕಿತ್ತೆ," ಎನ್ನುವುದೊಂದೇ ಮಾತು. ಎಣ್ಣೆಯಿಂದ ಪೊರೆ ಕೀಳುವುದಿಲ್ಲ ಎಂದು ಶೆರಿಲ್ ಆಂಟಿ ಎಷ್ಟು ಹೇಳಿದರೂ ಕೇಳಲಿಲ್ಲ.

"ಹಾಗಾದ್ರೆ ಮಬ್ಬು ಎಣ್ಣೇದು ಅಂತ ಯಾಕೆ ಅಂದ್ಕೊಂಡ್ಳು? ನಾನು ಹಾಕಿದ್ದಕ್ಕೆ ತಾನೆ?"

ಆಂಟಿ ಊಟದ ತಟ್ಟೆಯನ್ನು ಅಜ್ಜಿಯ ಮುಂದೆ ಸರಿಸಿದರು.

ಮೂರನೆಯ ಮಧ್ಯಾಹ್ನ ಅತ್ತಿಗೆಯೇ ಕರೆದರು. "ಅಜ್ಜಿ, ಕತೆ." ಅಜ್ಜಿ ಎಪ್ಪತ್ತೆಂಟು ವರ್ಷದ ಮೊಣಕಾಲುಗಳನ್ನು ಒಂದೊಂದಾಗಿ ಮಡಚಿ, ಗೋಡೆ ಹಿಡಿದು ಚಾಪೆಗೆ ಇಳಿದಳು. ಮುತ್ತಿನ ಮಳೆ ಬೀಳುವ ಊರಿಗೆ ಲಗ್ನವಾಗಿ ಹೋದ ರಾಜಕುಮಾರಿಯ ಕತೆ ಹೇಳಿದಳು. ನಾನು ಪಕ್ಕದಲ್ಲಿ ಅಂಗಾತ ಮಲಗಿ ಒಂದೊಂದು ಸಾಲನ್ನು ಇಂಗ್ಲಿಷಿಗೆ ಮಾಡಿದೆ. ಕೇಳುವವರು ಹ್ಞೂಂಗುಟ್ಟದಿದ್ದರೆ ಅಜ್ಜಿ ಕತೆ ಮುಂದುವರಿಸುವುದಿಲ್ಲ. ಮೇಲಿನಿಂದ ಅತ್ತಿಗೆ, "ಹ್ಞೂಂ," ಎನ್ನುತ್ತಿದ್ದರು. ಒಂದು ಹ್ಞೂಂ ಬರಲಿಲ್ಲ. ನೆಲದ ಮೇಲೆ, ಅಜ್ಜಿಯ ಮಡಿಲ ಬಳಿ, ಒಂದು ಹನಿ ನೀರು ಬಿತ್ತು. ಅಜ್ಜಿ ಕತೆ ನಿಲ್ಲಿಸಿದಳು.

"ಡೊರೊತಾಗೆ ಫೋನ್ ಮಾಡಬೇಕು," ಎಂದರು ಅತ್ತಿಗೆ. "ಹಿಡಿದುಕೋ."

ನಾನು ಮಂಚದ ಕೆಳಗೆ ಫೋನ್ ಎತ್ತಿ ಹಿಡಿದೆ. ಪೋಲಿಷ್‌ನಲ್ಲಿ ಮಾತಾಡಿದರು. ನಮಗಾರಿಗೂ ಒಂದಕ್ಷರ ತಿಳಿಯಲಿಲ್ಲ, ಆದರೂ ಅಡುಗೆಮನೆಯಲ್ಲಿ ಒಗ್ಗರಣೆ ಸದ್ದು ನಿಂತಿತು. ಆ ಕಡೆಯ ಹುಡುಗಿ ಮೊದಲು ಅತ್ತಳು, ಆಮೇಲೆ ಸಣ್ಣ ಧ್ವನಿಯಲ್ಲಿ ಏನೋ ಕೇಳಿದಳು. ಅತ್ತಿಗೆ ಒಂದು ಹೆಸರು ಹೇಳಿದರು. ಫೋನ್ ಕಟ್ ಆಯಿತು.

"ಏನಂದ್ಳು?" ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಬೇರೆ ಯಾರ ಜೊತೆ ಆಡಲಿ ಅಂತ ಕೇಳಿದ್ಳು, ಅತ್ತೆ. ನಾನು ಹೇಳಿದೆ."

ಫೆಬ್ರವರಿ ಎಂಟಕ್ಕೆ ಎಲ್ಲರೂ ಅಣ್ಣನ ಲ್ಯಾಪ್‌ಟಾಪ್ ಮುಂದೆ ಕೂತೆವು. ಡೊರೊತಾ ಮತ್ತು ಅತ್ತಿಗೆ ಹೆಸರಿಸಿದ ಹುಡುಗಿ ಆಯ್ಕೆಯಾದರು. ಅಮ್ಮ ಚಪ್ಪಾಳೆ ತಟ್ಟಲೋ ಬೇಡವೋ ಎಂದು ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ತಟ್ಟಿದ ಮೇಲೆ ತಾನೂ ತಟ್ಟಿದಳು.

ಗುಳ್ಳೆ ದಿನದಿನಕ್ಕೆ ಕುಗ್ಗಿತು. ಮಾರ್ಚ್ ಕೊನೆಗೆ ಆಸ್ಪತ್ರೆಯಲ್ಲಿ ಹಸಿರು ಪಟ್ಟಿ ಬಿಚ್ಚಿದರು. ಅತ್ತಿಗೆ ಚಾರ್ಟಿನ ಮೂರನೆಯ ಸಾಲಿನವರೆಗೆ ಓದಿದರು. "ನಡುವಿನ ದೃಷ್ಟಿ ಉಳಿದಿದೆ," ಎಂದರು ಡಾಕ್ಟರು. "ಅಂಚು ಬರುತ್ತೆ ಅಂತ ಹೇಳಲಾರೆ. ಒಂದು ವಾರ ಮೊದಲು ಬಂದಿದ್ದರೆ..." ಅಲ್ಲಿಗೆ ನಿಲ್ಲಿಸಿದರು. ಆ ಒಂದು ವಾರ ನನ್ನ ಜೊತೆ ಮನೆಗೆ ಬಂತು, ನನ್ನ ಹಾಸಿಗೆಯಲ್ಲೇ ಮಲಗಿತು.

ಆಟಕ್ಕೆ ಡಾಕ್ಟರು ಒಪ್ಪಿದ್ದು ಗಟ್ಟಿ ಕನ್ನಡಕ ಹಾಕಿಕೊಂಡರೆ ಮಾತ್ರ. ಈದ್ ರಜೆಯ ಶುಕ್ರವಾರ ಅತ್ತಿಗೆ ರ‍್ಯಾಕೆಟ್ ತೆಗೆದರು. ಅಮ್ಮನೂ ಚಪ್ಪಲಿ ಮೆಟ್ಟಿಕೊಂಡಳು. "ನೀನೆಲ್ಲಿಗೆ?" ಎಂದರು ಅಪ್ಪ. "ಎಲ್ರೂ ಅಲ್ಲಿಗೇ," ಎಂದಳು. ಅಜ್ಜಿಯೂ ಬಂದಳು. ರುಮೈಥಿಯಾದ ಹಾಲಿನ ಉದ್ದ ಬೆಂಚಿನ ಮೇಲೆ ನಮ್ಮ ಮನೆ ಸಾಲಾಗಿ ಕೂತಿತು, ಯಾರದೋ ರಿಸಲ್ಟ್ ಕಾಯುವ ಹಾಗೆ.

ಅತ್ತಿಗೆ ಬಲೆಯ ಹತ್ತಿರ ನಿಂತರು. ಅಣ್ಣ ಆಚೆಯಿಂದ ಮೆಲ್ಲಗೆ ಕಾಕ್ ಕೊಟ್ಟ. ಎಡಕ್ಕೆ ಬಂದದ್ದು ಹೊಡೆದರು. ಬಲಕ್ಕೆ ಬಂದದ್ದು ಅವರ ಭುಜದ ಪಕ್ಕದಿಂದ ಹೋಗಿ ನೆಲಕ್ಕೆ ಬಿತ್ತು. ಮತ್ತೊಂದು ಹಾಗೇ. ಮೂರನೆಯದು ಪಾದದ ಪಕ್ಕ ಬಿದ್ದಾಗ ಅದನ್ನು ಕೈಯಿಂದ ಹುಡುಕಿ ಎತ್ತಿಕೊಂಡರು.

"ಮುಂದೆ ಆಗಲ್ಲ," ಎಂದರು. "ನಿಖಿತಾ, ಬಾ. ನೀನು ಮುಂದೆ ನಿಲ್ಲು. ನಾನು ಹಿಂದೆ."

"ಅತ್ತಿಗೆ, ನಾನಾ?"

"ಹಿಂದಿನಿಂದ ಇಡೀ ಕೋರ್ಟ್ ಎದುರಿಗೇ ಇರುತ್ತೆ. ತಲೆ ತಿರುಗಿಸಿದರೆ ಬಲವೂ ಕಾಣುತ್ತೆ. ನಿಲ್ಲು."

"ಬೇಡ ಕಣೆ," ಅಜ್ಜಿ ಬೆಂಚಿನಿಂದ ಅರ್ಧ ಎದ್ದಳು. "ಅವಳಿಗೆ ಸರಿಯಾಗಿ ಕಾಣಲ್ಲ. ನಿನ್ನ ತಲೆಗೆ ಹೊಡೆದಾಳು."

ನಾನು ನಿಂತೆ. ಅಣ್ಣ ಎತ್ತರಕ್ಕೆ ಕಾಕ್ ಎತ್ತಿದ. ಅದು ನನ್ನ ತಲೆಯ ಮೇಲಿನಿಂದ ಹಿಂದಕ್ಕೆ ಹೋಯಿತು. ಬೆನ್ನ ಹಿಂದೆ ಹೆಜ್ಜೆಗಳ ಸದ್ದು, ಉಸಿರು, ತಂತಿಯ ಸದ್ದು. ಕಿವಿಯ ಪಕ್ಕ ಗಾಳಿ ಹರಿಯಿತು. ಕಾಕ್ ಬಲೆಯಾಚೆ, ಬಲಗಡೆಯ ಗೆರೆಯ ಹತ್ತಿರ ಬಿತ್ತು.

ಅತ್ತಿಗೆ ಅಲ್ಲೇ ನಿಂತಿದ್ದರು. ಅವರಿಗೆ ಅದು ಬಿದ್ದ ಜಾಗ ಕಂಡಿರಲಿಲ್ಲ.

"ಒಳಗಾ, ಹೊರಗಾ?"

"ಒಳಗೇ, ಒಳಗೇ!" ಎಂದಳು ಅಮ್ಮ ಬೆಂಚಿನಿಂದ. "ಗೆರೆ ಮೇಲೇ ಬಿತ್ತಮ್ಮ."

"ಒಳಗೆ," ಎಂದರು ಅಪ್ಪ. ಬಲೆಯಾಚೆಯಿಂದ ಅಣ್ಣ ನನ್ನನ್ನೇ ನೋಡುತ್ತಿದ್ದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಹೊರಗೆ," ಎಂದೆ. "ಒಂದು ಗೇಣು ಹೊರಗೆ."

ಅಮ್ಮ ನನ್ನನ್ನು ಸುಡುವಂತೆ ನೋಡಿದಳು.

"ಸರಿ," ಎಂದರು ಅತ್ತಿಗೆ. "ಮೋಹಿತ್, ಇನ್ನೊಂದು ಕೊಡು."